ಅನ್ನನಾಳದ ಆರಂಭಿಕ ಕ್ಯಾನ್ಸರ್: ಇಎಸ್‌ಡಿ (ಸ್ಕೋಪ್‌ನಿಂದಲೇ ಗಡ್ಡೆಯನ್ನು ಒಂದೇ ತುಂಡಾಗಿ ಬಿಡಿಸಿ ತೆಗೆಯುವ ಕ್ರಮ) ಯಾರಿಗೆ, ಹೇಗೆ, ಆಮೇಲೆ ನಾಳ ಕಿರಿದಾಗದಂತೆ ಏನು ಮಾಡೋದು?

ಪ್ರಶ್ನೆ: ಕತ್ತರಿಕೈ

ನಾನು ಸರ್ಜರಿ ಕಡೆಯವನು, ಸ್ಕೋಪ್ ಕಡೆಯವನಲ್ಲ. ಪ್ರಶ್ನೆಯಲ್ಲಿ ಅನುಮಾನದ ವಾಸನೆ ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಚರ್ಚೆಗೆ ಒಂದು ಮಾದರಿ ಕೇಸು ಇಟ್ಟುಕೊಳ್ಳೋಣ. ಅರವತ್ತರ ಆಸುಪಾಸಿನ ಗಂಡಸು. ಎಲೆಅಡಿಕೆ, ಹೊಗೆಸೊಪ್ಪು, ಜೊತೆಗೆ ಕುಡಿತ. ನುಂಗಲು ಏನೂ ತೊಂದರೆಯಿಲ್ಲ. ಎದೆಯುರಿಗೆಂದು ಮಾಡಿದ ಎಂಡೋಸ್ಕೋಪಿಯಲ್ಲಿ ಬಾಚಿಹಲ್ಲಿನಿಂದ 28–32 ಸೆಂ.ಮೀ. ನಡುವೆ ಬಲಗೋಡೆ ಹಿಡಿದು ಕೆಂಪು ಮಚ್ಚೆ, ಸುತ್ತಳತೆಯ ಮೂರರಲ್ಲಿ ಎರಡು ಪಾಲಿನಷ್ಟು. ನಡುವೆ ಕೊಂಚ ತಗ್ಗು. ನಾಲ್ಕು ಚೂರು ಬಯಾಪ್ಸಿ ತೆಗೆದಿದ್ದಾರೆ, ಸ್ಕ್ವೇಮಸ್ ಸೆಲ್ ಕಾರ್ಸಿನೋಮ (ಒಳಮೈ ಹೊದಿಕೆಯ ಚಪ್ಪಟೆ ಕೋಶಗಳ ಕ್ಯಾನ್ಸರ್) ಅಂತ ಬಂದಿದೆ. ಸಿಟಿಯಲ್ಲಿ ದುಗ್ಧಗ್ರಂಥಿ (ಲಿಂಫ್ ನೋಡ್) ಊದಿಲ್ಲ. ಎಂಡೋಸೋನೋ (ಸ್ಕೋಪ್ ತುದಿಯ ಅಲ್ಟ್ರಾಸೌಂಡ್) ವರದಿ ಮಾತ್ರ ‘ಟಿ1, ಎ ಅಥವಾ ಬಿ ಹೇಳಲಾಗದು’ (ಎ ಅಂದರೆ ಲೋಳೆಪದರದಲ್ಲೇ ಇರುವುದು, ಬಿ ಅಂದರೆ ಅದರ ಕೆಳಪದರಕ್ಕೂ ಇಳಿದದ್ದು) ಎಂದು ಕೈತೊಳೆದುಕೊಂಡಿದೆ.

ನಾವು ಕಲಿತ ಲೆಕ್ಕದಲ್ಲಿ ಇದು ಅನ್ನನಾಳ ತೆಗೆದು, ಜಠರವನ್ನು ಕೊಳವೆ ಮಾಡಿ ಮೇಲೆಳೆದು ಜೋಡಿಸುವ ಕೇಸು. ಅನ್ನನಾಳದಲ್ಲಿ ದುಗ್ಧನಾಳಗಳು ಲೋಳೆಪದರದ ಒಳಗೇ ಶುರುವಾಗುತ್ತವೆ, ಉದ್ದಕ್ಕೆ ಹರಿದು ಕುತ್ತಿಗೆಗೂ ಹೊಟ್ಟೆಗೂ ಹೋಗುತ್ತವೆ. ಹೀಗಿರುವಾಗ ಒಳಗಿಂದ ಸಿಪ್ಪೆ ಸುಲಿದ ಹಾಗೆ ತೆಗೆದರೆ ಗ್ರಂಥಿಗಳ ಗತಿಯೇನು? ಬರೀ ಇಎಸ್‌ಡಿ ಸಾಕು ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ? ಕೆಲಸದ ಕ್ರಮವನ್ನೂ ಯಾರಾದರೂ ಅಳತೆ ಸಮೇತ ಬರೆದರೆ ಒಳ್ಳೆಯದು. ‘ಗಡ್ಡೆಯ ಕೆಳಗೆ ದ್ರವ ಚುಚ್ಚಿ ಕತ್ತರಿಸುತ್ತಾರೆ’ ಎಂಬುದಕ್ಕಿಂತ ಹೆಚ್ಚಿನ ವಿವರ ಕನ್ನಡದಲ್ಲಿ ಎಲ್ಲೂ ಸಿಗುತ್ತಿಲ್ಲ.

ಉತ್ತರ 1: ನೀಲಿಪದರ

ಗ್ರಂಥಿಯ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ ಸರ್. ಇಎಸ್‌ಡಿಯ ಇಡೀ ತರ್ಕ ನಿಂತಿರುವುದೇ ಅದರ ಮೇಲೆ. ಆದರೆ ಆ ಅಪಾಯ ಎಲ್ಲ ಟಿ1 ಗಡ್ಡೆಗಳಲ್ಲೂ ಒಂದೇ ಸಮ ಇಲ್ಲ. ಒಳಗಿಂದ ಹೊರಕ್ಕೆ ಪದರಗಳು ಹೀಗೆ: ಎಪಿಥೀಲಿಯಂ, ಲ್ಯಾಮಿನಾ ಪ್ರೊಪ್ರಿಯಾ, ಮಸ್ಕ್ಯುಲಾರಿಸ್ ಮ್ಯೂಕೋಸ (ಈ ಮೂರೂ ಸೇರಿ ಲೋಳೆಪದರ, ಅಂದರೆ ಮ್ಯೂಕೋಸ), ಸಬ್‌ಮ್ಯೂಕೋಸ, ಆಮೇಲೆ ಮುಖ್ಯ ಸ್ನಾಯು. ಸ್ಕ್ವೇಮಸ್ ಕ್ಯಾನ್ಸರ್ ಎಪಿಥೀಲಿಯಂ ಅಥವಾ ಲ್ಯಾಮಿನಾ ಪ್ರೊಪ್ರಿಯಾದಲ್ಲೇ ನಿಂತಿದ್ದರೆ ಗ್ರಂಥಿಗೆ ಹೋಗಿರುವ ಸಂಭವ ತೀರಾ ಕಡಿಮೆ. ಮಸ್ಕ್ಯುಲಾರಿಸ್ ಮ್ಯೂಕೋಸ ಮುಟ್ಟಿದರೆ ಸುಮಾರು ಹತ್ತಕ್ಕೊಂದು. ಸಬ್‌ಮ್ಯೂಕೋಸದ ಮೊದಲ 200 ಮೈಕ್ರಾನ್‌ವರೆಗೆ, ಅಂದರೆ ಎಸ್‌ಎಂ1 ಆದರೆ, ಹೆಚ್ಚುಕಡಿಮೆ ಐದಕ್ಕೊಂದು. ಅದಕ್ಕಿಂತ ಆಳಕ್ಕೆ ಇಳಿದಿದ್ದರೆ ಮೂರಕ್ಕೊಂದನ್ನೂ ದಾಟುತ್ತದೆ. ಮಿಲಿಮೀಟರಿನ ಐದನೇ ಒಂದು ಭಾಗ ಇಲ್ಲಿ ದಾರಿ ಬದಲಿಸುತ್ತದೆ.

ಆ ಆಳವನ್ನು ಎಂಡೋಸೋನೋ ಹೇಳುತ್ತದೆಂದು ಕಾಯಬೇಡಿ. ಟಿ1ಎ–ಟಿ1ಬಿ ಗೆರೆಯಲ್ಲಿ ಅದು ಎರಡೂ ದಿಕ್ಕಿಗೆ ತಪ್ಪುತ್ತದೆ. ಅದರ ಉಪಯೋಗ ಪಕ್ಕದ ಗ್ರಂಥಿ ನೋಡುವುದಕ್ಕೆ. ಆಳ ಓದಬೇಕಾದದ್ದು ಎನ್‌ಬಿಐ (ರಕ್ತನಾಳ ಎದ್ದು ಕಾಣುವಂತೆ ಮಾಡುವ ನೀಲಿ-ಹಸಿರು) ಬೆಳಕಿನಲ್ಲಿ, ಮ್ಯಾಗ್ನಿಫಿಕೇಶನ್ ಹಾಕಿ, ಮೇಲ್ಪದರದ ಕುಣಿಕೆಯಂಥ ಸೂಕ್ಷ್ಮ ರಕ್ತನಾಳಗಳನ್ನು. ಜಪಾನಿನ ಅನ್ನನಾಳ ಸಂಘದ ವರ್ಗೀಕರಣದಲ್ಲಿ ಕುಣಿಕೆ ಹಿಗ್ಗಿ ತಿರುಚಿಕೊಂಡರೂ ಕುಣಿಕೆಯಾಗಿಯೇ ಉಳಿದಿದ್ದರೆ ಬಿ1. ಇವು ಬಹುಪಾಲು ಎಪಿಥೀಲಿಯಂ–ಲ್ಯಾಮಿನಾ ಪ್ರೊಪ್ರಿಯಾ ಮಟ್ಟದವು. ಕುಣಿಕೆ ಬಿಚ್ಚಿಹೋಗಿ ಉದ್ದುದ್ದ ಎಳೆಯಾದರೆ ಬಿ2; ಮಸ್ಕ್ಯುಲಾರಿಸ್ ಮ್ಯೂಕೋಸ ಅಥವಾ ಎಸ್‌ಎಂ1 ಎಂದು ತಿಳಿಯಬೇಕು. ಮಾಮೂಲಿ ಬಿ2ಗಿಂತ ಮೂರು ಪಟ್ಟಿಗೂ ಹೆಚ್ಚು ದಪ್ಪದ, ಹಸಿರು ಛಾಯೆಯ ನಾಳ ಕಂಡರೆ ಬಿ3, ಆಗ ಇಎಸ್‌ಡಿ ಮಾತೇ ಬೇಡ. ಮ್ಯಾಗ್ನಿಫಿಕೇಶನ್ ಸ್ಕೋಪ್ ಇಲ್ಲದ ಕಡೆ ಸ್ವಲ್ಪ ಗಾಳಿ ಬಿಟ್ಟು, ಸ್ವಲ್ಪ ಎಳೆದು ನೋಡಿ: ಮಚ್ಚೆ ಗೋಡೆಯ ಜೊತೆ ಮೆತ್ತಗೆ ಮಡಚಿಕೊಂಡರೆ ಒಳ್ಳೆಯ ಲಕ್ಷಣ. ಹಲಗೆಯ ಹಾಗೆ ಸೆಟೆದು ನಿಂತರೆ, ಗಂಟು ಎದ್ದಿದ್ದರೆ, ಆಳಕ್ಕೆ ಹೋಗಿದೆ ಎಂದೇ ಎಣಿಸಿ.

ಎಪಿಥೀಲಿಯಂ–ಲ್ಯಾಮಿನಾ ಪ್ರೊಪ್ರಿಯಾ ಮಟ್ಟದ್ದಾದರೆ ಇಎಸ್‌ಡಿಯೇ ಮೊದಲ ಆಯ್ಕೆ. ಮಸ್ಕ್ಯುಲಾರಿಸ್ ಮ್ಯೂಕೋಸ–ಎಸ್‌ಎಂ1 ಎಂಬ ಅಂದಾಜಿದ್ದು, ಪೂರ್ತಿ ಸುತ್ತು ಆವರಿಸಿಲ್ಲದಿದ್ದರೆ, ಆಗಲೂ ಮೊದಲು ಇಎಸ್‌ಡಿ ಮಾಡಿ ತುಂಡನ್ನು ಪರೀಕ್ಷಿಸಬಹುದು. ಜಪಾನಿನ 2020ರ ಮಾರ್ಗಸೂಚಿ ಹೇಳುವುದು ಇದನ್ನೇ. ಪೂರ್ತಿ ಸುತ್ತಿನದಾದರೆ ಉದ್ದ 50 ಮಿ.ಮೀ. ಒಳಗಿರಬೇಕು, ಮೇಲ್ಪದರದ್ದೇ ಆಗಿರಬೇಕು, ನಾಳ ಕಿರಿದಾಗದಂತೆ ಔಷಧಿಯ ಏರ್ಪಾಡೂ ಇರಬೇಕು. ಇಎಸ್‌ಡಿಯನ್ನು ಕೊನೆಯ ಚಿಕಿತ್ಸೆ ಎಂದುಕೊಳ್ಳುವ ಬದಲು ಅತಿ ದೊಡ್ಡ, ಅತಿ ಪ್ರಾಮಾಣಿಕ ಬಯಾಪ್ಸಿ ಎಂದುಕೊಳ್ಳಿ. ಬಹಳಷ್ಟು ಜನರಿಗೆ ಆ ಬಯಾಪ್ಸಿಯಲ್ಲೇ ಚಿಕಿತ್ಸೆಯೂ ಮುಗಿದಿರುತ್ತದೆ.

ನಿಮ್ಮ ಮಾದರಿಯಲ್ಲಿ ನನಗೆ ಇಷ್ಟವಾಗದ್ದು ಆ ನಾಲ್ಕು ಬಯಾಪ್ಸಿ. ಪ್ರತಿ ಚೂರಿನ ಜಾಗದಲ್ಲೂ ಸಬ್‌ಮ್ಯೂಕೋಸ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ದ್ರವ ಚುಚ್ಚಿದರೂ ಅಲ್ಲಿ ಏಳುವುದಿಲ್ಲ. ಇಎಸ್‌ಡಿಗೆ ಹೋಗಬಹುದಾದ ಮಚ್ಚೆಗೆ ಒಂದೋ ಎರಡೋ ಚೂರು ಸಾಕು.

ಇನ್ನೊಂದು: ಅದೇ ದಿನ ಗಂಟಲನ್ನೂ ಎನ್‌ಬಿಐನಲ್ಲಿ ನೋಡಿ, ಪೈರಿಫಾರ್ಮ್ ಸೈನಸ್ (ಧ್ವನಿಪೆಟ್ಟಿಗೆಯ ಪಕ್ಕದ ಗುಳಿ) ಬಿಡದೆ. ಹೊಗೆಸೊಪ್ಪು ಮತ್ತು ಕುಡಿತ ಒಂದೇ ಕಡೆ ಕೂತು ಕೆಲಸ ಮಾಡುವುದಿಲ್ಲ. ಬಾಯಿ, ಗಂಟಲು, ಅನ್ನನಾಳ ಎಲ್ಲವೂ ಅದೇ ಹೊಲ.

ಉತ್ತರ 2: ನೀಲಿಪದರ (ಮುಂದುವರಿಕೆ, ಕೆಲಸದ ಕ್ರಮ)

ಸ್ಕೋಪ್ ವಾಟರ್‌ಜೆಟ್ ಇರುವುದೇ ಬೇಕು, ತುದಿಗೆ ಪಾರದರ್ಶಕ ಟೋಪಿ. ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್. ಇದರಲ್ಲಿ ರಿಯಾಯಿತಿಯಿಲ್ಲ, ಕಾರಣ ಕೆಳಗೆ ಬರುತ್ತದೆ.

ಮೊದಲು ಲ್ಯೂಗಾಲ್ ಅಯೋಡಿನ್, 1ರಿಂದ 1.5%. ಔಷಧಿ ಅಂಗಡಿಯಿಂದ ಬರುವುದು 5% ಆದರೆ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿದಾಗ 1.25% ಆಗುತ್ತದೆ. ಅಯೋಡಿನ್ ಅಲರ್ಜಿ, ಥೈರಾಯಿಡ್ ತೊಂದರೆ ಮೊದಲೇ ಕೇಳಿರಬೇಕು. ಒಳ್ಳೆಯ ಲೋಳೆಪದರ ಕಂದುಬಣ್ಣಕ್ಕೆ ತಿರುಗುತ್ತದೆ. ಗ್ಲೈಕೋಜನ್ ಇಲ್ಲದ ಕ್ಯಾನ್ಸರ್ ಜಾಗ ಬಣ್ಣ ಹಿಡಿಯದೆ ಹಳದಿಯಾಗಿ ಉಳಿದು, ಎರಡು ಮೂರು ನಿಮಿಷದಲ್ಲಿ ಗುಲಾಬಿಗೆ ತಿರುಗುತ್ತದೆ. ಅಂಚು ಕಂಡಾಕ್ಷಣ ಅದರಿಂದ 3–5 ಮಿ.ಮೀ. ಹೊರಗೆ, ಎರಡೆರಡು ಮಿ.ಮೀ. ಅಂತರದಲ್ಲಿ ಚುಕ್ಕಿ ಸುಡಿ. ಅನ್ನನಾಳದ ಲೋಳೆಪದರ ತೆಳು. ಚುಕ್ಕಿ ಹಾಕುವಾಗ ಚಾಕುವಿನ ತುದಿ ಒಳಗೆಳೆದುಕೊಂಡು ಬರೀ ಮುಟ್ಟಿಸಿ, ಒತ್ತಬೇಡಿ. ಆಮೇಲೆ 5% ಸೋಡಿಯಂ ಥಯೋಸಲ್ಫೇಟ್ ಸಿಂಪಡಿಸಿ ಅಯೋಡಿನ್ ತೊಳೆದುಬಿಡಿ. ತೊಳೆಯದಿದ್ದರೆ ಅನ್ನನಾಳ ಹಿಂಡಿಕೊಳ್ಳುತ್ತದೆ, ಎಚ್ಚರವಾದ ಮೇಲೆ ಎದೆನೋವು ಗ್ಯಾರಂಟಿ. ಲ್ಯೂಗಾಲ್ ಹಾಕಿದ ಕಡೆ ಎಪಿಥೀಲಿಯಂ ಉದುರಿ ಹೊಸದು ಬೆಳೆಯುವಾಗ ಗಡ್ಡೆಯ ಮೇಲೂ ಹಬ್ಬಬಹುದು. ಹಾಗಾಗಿ ಹಿಂದಿನ ವಾರವಷ್ಟೇ ಬೇರೆಲ್ಲೋ ಲ್ಯೂಗಾಲ್ ಮಾಡಿ ಕಳಿಸಿದ ಕೇಸಿನಲ್ಲಿ ಅಂಚನ್ನು ನಂಬುವ ಮುನ್ನ ಎರಡು ಸಲ ನೋಡಿ.

ಚುಚ್ಚುವ ದ್ರವ: 200 ಮಿಲೀ ಸಲೈನ್‌ಗೆ 1 ಮಿ.ಗ್ರಾಂ. ಅಡ್ರಿನಲಿನ್ (ಎರಡು ಲಕ್ಷಕ್ಕೆ ಒಂದು ಆಗುತ್ತದೆ), ತಿಳಿನೀಲಿ ಬರುವಷ್ಟು ಇಂಡಿಗೋ ಕಾರ್ಮಿನ್. ಬರೀ ಸಲೈನ್ ಬೇಗ ಹರಡಿ ಇಳಿದುಹೋಗುತ್ತದೆ. 0.4% ಸೋಡಿಯಂ ಹಯಲುರೊನೇಟ್ ಸಿಕ್ಕರೆ ದಿಬ್ಬ ಹೆಚ್ಚು ಹೊತ್ತು ನಿಲ್ಲುತ್ತದೆ. ದುಬಾರಿ ಎನಿಸಿದರೆ ಅರ್ಧಕ್ಕರ್ಧ ಬೆರೆಸಿಕೊಳ್ಳಿ. ಸೂಜಿ ಓರೆಯಾಗಿ ಹೋಗಬೇಕು. ನೆಟ್ಟಗೆ ಚುಚ್ಚಿದರೆ ದ್ರವ ಸ್ನಾಯುವಿನೊಳಗೆ ಹೋಗಿ, ಏಳಬೇಕಾದ ದಿಬ್ಬ ಏಳುವುದಿಲ್ಲ.

ಮೊದಲ ಕೊಯ್ತ ಕೆಳಗಡೆ, ಅಂದರೆ ಜಠರದ ಕಡೆಯ ಅಂಚಿಗೆ. ಇದು ನಿಲುಗಡೆ. ಈ ಗೆರೆ ಇಲ್ಲದಿದ್ದರೆ ಬಿಡಿಸುತ್ತಾ ಬಿಡಿಸುತ್ತಾ ಗುರುತು ದಾಟಿ ಹೋಗಿ, ಬೇಡದಷ್ಟು ಉದ್ದ ಗಾಯ ಮಾಡಿಬಿಡುತ್ತೀರಿ. ಆಮೇಲೆ ಬಾಯಿಯ ಕಡೆಯ ಅಂಚು, ನಂತರ ಎರಡು ಬದಿ. ರೋಗಿ ಎಡಮಗ್ಗುಲಲ್ಲಿ ಮಲಗಿರುವುದರಿಂದ ನೀರು, ರಕ್ತ ಎಲ್ಲ ಎಡಗೋಡೆಯಲ್ಲಿ ನಿಲ್ಲುತ್ತದೆ. ಆ ಬದಿ ಮೊದಲು ಮುಗಿಸಿ, ಇಲ್ಲದಿದ್ದರೆ ಕೊನೆಗೆ ಕೊಳದೊಳಗೆ ಕೆಲಸ. ಮ್ಯೂಕೋಸ ಸೀಳಿದ ಮೇಲೆ ಕೆಳಗಿನ ಮಸ್ಕ್ಯುಲಾರಿಸ್ ಮ್ಯೂಕೋಸದ ಬಿಳಿ ಎಳೆಗಳನ್ನೂ ಪೂರ್ತಿ ಕಡಿದಿದ್ದೀರಾ ನೋಡಿ. ಅಂಚು ಅಗಲವಾಗಿ ಬಾಯಿ ಬಿಟ್ಟುಕೊಂಡು ನೀಲಿ ಪದರ ಕಾಣಬೇಕು. ಹೊಸಬರು ಸುಮ್ಮನೆ ಹೊತ್ತು ಕಳೆಯುವುದು ಇಲ್ಲಿಯೇ: ಕಡಿಯದೆ ಉಳಿದ ಎಳೆ ತುಂಡನ್ನು ಮೇಲೇಳಲು ಬಿಡುವುದಿಲ್ಲ.

ಸುತ್ತಲೂ ಕೊಯ್ದಾದ ಮೇಲೆ ಬಾಯಿಯ ಕಡೆಯ ಅಂಚಿನ ನಡುವಿಗೆ ದಾರ ಕಟ್ಟಿದ ಕ್ಲಿಪ್ ಹಾಕಿ, ದಾರವನ್ನು ಬಾಯಿಯಿಂದ ಹೊರಗೆ ತಂದು ಮೆಲ್ಲಗೆ ಎಳೆದರೆ ತುಂಡು ಪರದೆಯ ಹಾಗೆ ಎದ್ದು ಸಬ್‌ಮ್ಯೂಕೋಸ ಬಿಗಿಯಾಗುತ್ತದೆ. 2020ರಲ್ಲಿ ಪ್ರಕಟವಾದ ಜಪಾನಿನ ಬಹುಕೇಂದ್ರ ಪರೀಕ್ಷೆಯಲ್ಲಿ ದಾರದ ಎಳೆತ ಬಳಸಿದವರ ಮಧ್ಯಾಂಕ ಸಮಯ 44.5 ನಿಮಿಷ, ಬಳಸದವರದು 60.5. ಜಗ್ಗಬೇಡಿ, ದಾರದ ತೂಕಕ್ಕಿಂತ ಕೊಂಚ ಹೆಚ್ಚು ಅಷ್ಟೇ.

ಬಿಡಿಸುವ ಗೆರೆ ಸಬ್‌ಮ್ಯೂಕೋಸದ ಕೆಳಗಿನ ಮೂರನೇ ಒಂದು ಪಾಲಿನಲ್ಲಿ, ಸ್ನಾಯುವಿಗೆ ಸಮಾನಾಂತರವಾಗಿ. ಮೇಲೆ ಹೋದರೆ ಕ್ಯಾನ್ಸರಿನ ತಳ ಸೀಳಿಬಿಡಬಹುದು, ರಕ್ತನಾಳಗಳ ಜಾಲವೂ ಅಲ್ಲೇ ದಟ್ಟ. ಕೆಳಗೆ ಹೋದರೆ ಸ್ನಾಯು. ಅನ್ನನಾಳಕ್ಕೆ 1.5 ಮಿ.ಮೀ. ತುದಿಯ ಡ್ಯುಯಲ್ ನೈಫ್ ಸಾಕು. ಅಂಟಿಕೊಂಡ ಜಾಗದಲ್ಲಿ ಹುಕ್ ನೈಫ್ ಒಳ್ಳೆಯದು, ಎಳೆಯನ್ನು ಕೊಕ್ಕೆಯಲ್ಲಿ ಹಿಡಿದು ನಮ್ಮ ಕಡೆಗೆ ಎಳೆದು ಕಡಿಯಬಹುದು. ರಕ್ತನಾಳ ಕಂಡರೆ ಕಡಿಯುವ ಮೊದಲೇ ಹೀಮೋಸ್ಟ್ಯಾಟಿಕ್ ಫೋರ್ಸೆಪ್ಸ್‌ನಲ್ಲಿ ಹಿಡಿದು, ಗೋಡೆಯಿಂದ ತುಸು ಎತ್ತಿ, ಸಾಫ್ಟ್ ಕೋಆಗ್‌ನಲ್ಲಿ (ಕಿಡಿಯಿಲ್ಲದೆ ಮೆಲ್ಲಗೆ ಸುಡುವ ಕರೆಂಟ್) ಸುಡಿ. ರಕ್ತ ಬಂದ ಮೇಲೆ ಕುರುಡಾಗಿ ಸುಡುವವರೇ ತೂತು ಮಾಡುವುದು.

ಉತ್ತರ 3: ಟ್ರಾಲಿಪಕ್ಕ

ಮೇಲಿನದಕ್ಕೆ ಟೆಕ್ನಿಷಿಯನ್ ಕಡೆಯಿಂದ ಸೇರಿಸುವುದು ಸ್ವಲ್ಪ ಇದೆ.

ದಾರಕ್ಕೆ ಮೇಣ ಹಚ್ಚಿದ ಡೆಂಟಲ್ ಫ್ಲಾಸ್ ಒಳ್ಳೆಯದು, ಗಂಟು ಜಾರಲ್ಲ. ಸ್ಕೋಪ್ ಹೊರಗೆ ತೆಗೆದು, ಕ್ಲಿಪ್ಪನ್ನು ಚಾನಲ್‌ನಿಂದ ಹೊರಚಾಚಿ, ಅದರ ಒಂದು ಕಾಲಿಗೆ ಮಾತ್ರ ಗಂಟು ಹಾಕಿ. ಎರಡೂ ಕಾಲು ಸೇರಿಸಿ ಕಟ್ಟಿದರೆ ಕ್ಲಿಪ್ ಬಾಯಿ ತೆರೆಯುವುದೇ ಇಲ್ಲ. ಕಟ್ಟಿದ ಕ್ಲಿಪ್ಪನ್ನು ಟೋಪಿಯೊಳಕ್ಕೆ ಎಳೆದುಕೊಂಡು ಸ್ಕೋಪ್ ಒಳಗೆ ಹಾಕಬೇಕು.

ಚಾಕುವಿನ ತುದಿಗೆ ಸುಟ್ಟ ಕರಿ ಅಂಟಿದಷ್ಟೂ ಕೊಯ್ತ ಮೊಂಡಾಗುತ್ತದೆ, ಡಾಕ್ಟರು ಕರೆಂಟ್ ಜಾಸ್ತಿ ಮಾಡಿ ಅಂತಾರೆ. ಕರೆಂಟ್ ಮುಟ್ಟಬೇಡಿ, ಚಾಕು ಹೊರಗೆ ತೆಗೆದು ಒದ್ದೆ ಗಾಜ್ ಬಟ್ಟೆಯಿಂದ ಒರೆಸಿ ಕೊಡಿ. ಮುಕ್ಕಾಲು ಪಾಲು ಸಲ ಸಮಸ್ಯೆ ಅಷ್ಟೇ. ಪೇಷಂಟ್ ಪ್ಲೇಟ್ ತೊಡೆಗೆ ಪೂರ್ತಿ ಅಂಟಿದೆಯಾ ಅಂತಲೂ ನೋಡಿ.

ಶುರುಮಾಡುವ ಮೊದಲು ಕ್ಲಿಪ್ ಎಣಿಸಿ. ತೂತಾದ ಮೇಲೆ ಸ್ಟೋರಿಗೆ ಓಡುವ ಹಾಗಿರಬಾರದು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಒತ್ತಡ ನೋಡಿ. ಜೊತೆಗೆ ಪ್ರೊಸೆಸರಿನ ಗಾಳಿ ಪಂಪ್ ಆಫ್ ಆಗಿರಬೇಕು. ಎರಡೂ ಒಟ್ಟಿಗೆ ಓಡುತ್ತಿದ್ದರೆ ಕಾರ್ಬನ್ ಡೈಆಕ್ಸೈಡ್ ಹಾಕಿದ್ದೂ ದಂಡ.

ಉತ್ತರ 4: ಅರಿವಳಿಕೆ_ಡ್ಯೂಟಿ

ಸೆಡೇಶನ್‌ನಲ್ಲೇ ಮುಗಿಸೋಣ ಅನ್ನುವವರಿಗೆ: ಇಂಥ ದೊಡ್ಡ ಮಚ್ಚೆಗೆ ಜನರಲ್ ಅನಸ್ತೇಶಿಯಾ, ಟ್ಯೂಬ್ ಸಮೇತ. ಅನ್ನನಾಳದಲ್ಲಿ ನೀರು ಹರಿಸುತ್ತಲೇ ಇರುತ್ತೀರಿ, ಅದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ. ಒಂದು ಕೆಮ್ಮು, ಒಂದು ಓಕರಿಕೆ ಸಾಕು ಚಾಕು ಗೋಡೆಗೆ ಹೊಕ್ಕಲು. ನೈಟ್ರಸ್ ಆಕ್ಸೈಡ್ ಕೊಡಬೇಡಿ, ಎದೆಯ ನಡುವೆ ಗಾಳಿ ಸೇರಿದ್ದರೆ ಅದನ್ನು ಹಿಗ್ಗಿಸುತ್ತದೆ. ಎಂಡ್‌ಟೈಡಲ್ (ಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಮಟ್ಟ) ಏರುತ್ತಾ ಹೋದರೆ, ಏರ್‌ವೇ ಒತ್ತಡ ಹೆಚ್ಚಿದರೆ, ಕುತ್ತಿಗೆ ಮುಟ್ಟಿ ನೋಡಿ. ಚರ್ಮದ ಕೆಳಗೆ ಚರಚರ ಅಂದರೆ ಸ್ಕೋಪಿನವರಿಗೆ ಆಗಲೇ ಹೇಳಬೇಕು, ಮುಗಿದ ಮೇಲಲ್ಲ.

ಪ್ರಶ್ನೆ ಕೇಳಿದವರು: ಕತ್ತರಿಕೈ

ಧನ್ಯವಾದ, ಇಷ್ಟು ನಿರೀಕ್ಷಿಸಿರಲಿಲ್ಲ. ಎರಡು ವಿಷಯ ಉಳಿದವು. ತೂತಾದರೆ ನಮ್ಮನ್ನು ಕರೆಯುವುದು ಯಾವಾಗ? ಮತ್ತೆ, ಮೂರರಲ್ಲಿ ಎರಡು ಪಾಲು ಲೋಳೆಪದರ ತೆಗೆದ ಮೇಲೆ ಆ ಜಾಗ ಕುಗ್ಗದೆ ಇರುತ್ತದೆಯೇ?

ಉತ್ತರ 5: ಮೂರನೇವಾರ

ತೂತಿನದು ಬೇಗ ಮುಗಿಸುತ್ತೇನೆ, ಎರಡನೆಯದೇ ದೊಡ್ಡ ಕಥೆ.

ಅನ್ನನಾಳಕ್ಕೆ ಹೊರಗಡೆ ಸೀರೋಸ ಪದರ ಇಲ್ಲ. ಸ್ನಾಯು ಹರಿದರೆ ಗಾಳಿ ನೇರ ಮೀಡಿಯಾಸ್ಟೈನಮ್‌ಗೆ, ಅಂದರೆ ಎದೆಯ ನಡುವಿನ ಜಾಗಕ್ಕೆ. ಕಾರ್ಬನ್ ಡೈಆಕ್ಸೈಡ್ ಆದರೆ ಬೇಗ ರಕ್ತಕ್ಕೆ ಹೀರಿಕೊಂಡು ಹೋಗುತ್ತದೆ, ಕೋಣೆಯ ಗಾಳಿಯಾದರೆ ಕೂತಲ್ಲೇ ಒತ್ತುತ್ತದೆ. ಮೇಲೆ ‘ರಿಯಾಯಿತಿಯಿಲ್ಲ’ ಅಂದದ್ದು ಅದಕ್ಕೇ. ಚಿಕ್ಕ ತೂತು ಕಂಡಾಕ್ಷಣ ಗಾಬರಿಯಲ್ಲಿ ಕ್ಲಿಪ್ ಹಾಕಬೇಡಿ. ಹಾಕಿದರೆ ಕ್ಲಿಪ್ಪೇ ದಾರಿಗೆ ಅಡ್ಡ ನಿಂತು ಉಳಿದ ಭಾಗ ಬಿಡಿಸಲಾಗದು. ಸುತ್ತ ಸ್ವಲ್ಪ ಬಿಡಿಸಿ ಜಾಗ ಮಾಡಿಕೊಂಡು, ಆಮೇಲೆ ಕ್ಲಿಪ್. ಬಾಯಿಗೆ ಏನೂ ಕೊಡದೆ, ಆಂಟಿಬಯೋಟಿಕ್ ಹಾಕಿ, ಸಿಟಿ ನೋಡಿಕೊಂಡು ಕಾದರೆ ಬಹುತೇಕ ಮುಚ್ಚಿಕೊಳ್ಳುತ್ತವೆ. ಸಿಟಿಯಲ್ಲಿ ಗಾಳಿ ಕಂಡ ಮಾತ್ರಕ್ಕೆ ಸರ್ಜನ್ ಬೇಡ. ಗಾಳಿಯ ಜೊತೆ ನೀರು ತುಂಬಿ, ಜ್ವರ, ನಾಡಿ ಏರುತ್ತಿದ್ದರೆ, ಕ್ಲಿಪ್ ಹಿಡಿಯದ ದೊಡ್ಡ ಸೀಳಾದರೆ ಆ ಕ್ಷಣ ನಿಮಗೆ ಫೋನ್. ನಿಜ ಹೇಳಬೇಕೆಂದರೆ ಶುರುಮಾಡುವ ಮುನ್ನವೇ ನಿಮಗೆ ಗೊತ್ತಿರಬೇಕು.

ಈಗ ಕುಗ್ಗುವ ವಿಷಯ. ಮೂರರಲ್ಲಿ ಎರಡು ಎಂದಿರಲ್ಲ, ಅದು ಗಡ್ಡೆಯ ಅಳತೆ, ಗಾಯದ ಅಳತೆಯಲ್ಲ. ಎರಡೂ ಬದಿಗೆ ನಾಲ್ಕೈದು ಮಿ.ಮೀ. ಅಂಚು ಸೇರಿಸಿ ಕೊಯ್ದ ಮೇಲೆ ಗಾಯ ಮುಕ್ಕಾಲು ಸುತ್ತು ದಾಟಿರುತ್ತದೆ. ಮುಕ್ಕಾಲು ಎಂಬುದೇ ಗಡಿ: ಅದರೊಳಗೆ ಕುಗ್ಗುವುದು ಅಪರೂಪ, ಅದನ್ನು ದಾಟಿದರೆ ಏನೂ ಮಾಡದೆ ಬಿಟ್ಟವರಲ್ಲಿ ಹೆಚ್ಚಿನವರಿಗೆ ಕುಗ್ಗುತ್ತದೆ, ಪೂರ್ತಿ ಸುತ್ತಾದರೆ ಹೆಚ್ಚುಕಡಿಮೆ ಎಲ್ಲರಿಗೂ. ಕೊಯ್ಯುವಾಗ ಒಂದು ಸೆಂಟಿಮೀಟರ್ ಅಗಲದ ಒಳ್ಳೆಯ ಪಟ್ಟಿ ಉಳಿಸಲು ಆದರೂ ದೊಡ್ಡ ವ್ಯತ್ಯಾಸವಾಗುತ್ತದೆ. ಅಂಚಿನ ಗುರುತನ್ನು ಧಾರಾಳವಾಗಿ ಹಾಕುವುದು ಅನ್ನನಾಳದಲ್ಲಿ ಒಳ್ಳೆಯ ಗುಣವಲ್ಲ.

ತಡೆಯಲು ಇರುವುದು ಸ್ಟೀರಾಯಿಡ್, ಎರಡು ದಾರಿ.

ಒಂದು, ಇಎಸ್‌ಡಿ ಮುಗಿದ ಕೂಡಲೇ ಗಾಯದ ತಳಕ್ಕೆ ಟ್ರಯಮ್ಸಿನಲೋನ್. 40 ಮಿ.ಗ್ರಾಂ.ನ ಎರಡು ಸೀಸೆ (ತಲಾ 1 ಮಿಲೀ) ತೆಗೆದು 6 ಮಿಲೀ ಸಲೈನ್ ಸೇರಿಸಿದರೆ 8 ಮಿಲೀ, ಮಿಲೀಗೆ 10 ಮಿ.ಗ್ರಾಂ. 25 ಗೇಜ್ ಸೂಜಿಯಲ್ಲಿ ಸುಮಾರು ಸೆಂಟಿಮೀಟರಿಗೆ ಒಂದರಂತೆ, ಒಂದೊಂದು ಜಾಗಕ್ಕೆ 0.2ರಿಂದ 0.5 ಮಿಲೀ. ಇದು ಕರಗಿದ ದ್ರವವಲ್ಲ, ತೇಲುವ ಪುಡಿ. ಸಿರಿಂಜ್ ಅಲ್ಲಾಡಿಸುತ್ತಾ ಇರದಿದ್ದರೆ ತಳಕ್ಕಿಳಿದು ಸೂಜಿ ಕಟ್ಟುತ್ತದೆ. ಉಳಿದಿರುವ ನೀಲಿ ಪದರದಲ್ಲಿ ಬಿಳಿ ಗುಳ್ಳೆ ಏಳಬೇಕು. ಏಳದಿದ್ದರೆ ಸೂಜಿ ಸ್ನಾಯುವಿನಲ್ಲಿದೆ, ಹಿಂದಕ್ಕೆ ತೆಗೆಯಿರಿ. ಸ್ನಾಯುವಿಗೆ ಹೋದ ಟ್ರಯಮ್ಸಿನಲೋನ್ ದಿನಗಳು ಕಳೆದ ಮೇಲೆ ತೂತು ಮಾಡಬಲ್ಲದು. ಕೆಲಸದಲ್ಲಿ ಸ್ನಾಯು ಸುಟ್ಟಿರುವ, ಬರಿದಾಗಿರುವ ಜಾಗವನ್ನು ಬಿಟ್ಟುಬಿಡಿ.

ಎರಡು, ಬಾಯಿಯಿಂದ ಪ್ರೆಡ್ನಿಸೋಲೋನ್. ಜಪಾನಿನಲ್ಲಿ ರೂಢಿಗೆ ಬಂದ ಕ್ರಮ: ಇಎಸ್‌ಡಿಯ ಮೂರನೇ ದಿನದಿಂದ ದಿನಕ್ಕೆ 30 ಮಿ.ಗ್ರಾಂ. ಎರಡು ವಾರ, 25 ಎರಡು ವಾರ, ಆಮೇಲೆ ವಾರಕ್ಕೊಂದರಂತೆ 20, 15, 10, 5. ಎಂಟು ವಾರಕ್ಕೆ ನಿಲ್ಲುತ್ತದೆ. ಪೂರ್ತಿ ಸುತ್ತಿನ ಗಾಯಕ್ಕೆ ಬರೀ ಸೂಜಿ ಸಾಲದು, ಮಾತ್ರೆ ಬೇಕೇಬೇಕು. ಆದರೆ ನಮ್ಮ ಊರುಗಳಲ್ಲಿ ಇದನ್ನು ಕಣ್ಣುಮುಚ್ಚಿ ನಕಲು ಮಾಡುವ ಹಾಗಿಲ್ಲ. ಹಳೆಯ ಟಿಬಿ, ಹೆಪಟೈಟಿಸ್ ಬಿ ಮೊದಲು ನೋಡಿ. ಸ್ಟ್ರಾಂಜಿಲಾಯ್ಡಿಸ್ ಹುಳುವಿನ ಸಂಶಯವಿದ್ದರೆ ಮೊದಲೇ ಚಿಕಿತ್ಸೆ ಕೊಟ್ಟುಬಿಡಿ. ಸಕ್ಕರೆ ಕಾಯಿಲೆಯವರಿಗೆ ಯಾವ ದಿನ ಯಾವ ಡೋಸ್, ಯಾವಾಗ ರಕ್ತಪರೀಕ್ಷೆ ಎಂಬುದನ್ನು ಕನ್ನಡದಲ್ಲಿ ಚೀಟಿಯಲ್ಲಿ ಬರೆದುಕೊಡಿ. ‘ಈಗ ಆರಾಮಾಗಿದೆ’ ಎಂದು ಎರಡನೇ ವಾರಕ್ಕೇ ನಿಲ್ಲಿಸುವವರು ಬೇಕಾದಷ್ಟು.

ಕುಗ್ಗುವುದು ಸಾಮಾನ್ಯವಾಗಿ ಎರಡನೇ ವಾರದಿಂದ ನಾಲ್ಕನೆಯದರ ಒಳಗೆ ಕಾಣಿಸಿಕೊಳ್ಳುತ್ತದೆ. ಫಾಲೋಅಪ್‌ಗೆ ಬಂದಾಗ ‘ಊಟ ಸೇರ್ತದಾ?’ ಎಂದು ಕೇಳಬೇಡಿ. ಎಲ್ಲರೂ ಹೂಂ ಅಂತಾರೆ, ಯಾಕೆಂದರೆ ತಮಗೇ ಗೊತ್ತಿಲ್ಲದೆ ರೊಟ್ಟಿಯಿಂದ ಅನ್ನಕ್ಕೆ, ಅನ್ನದಿಂದ ಗಂಜಿಗೆ ಇಳಿದಿರುತ್ತಾರೆ. ‘ನಿನ್ನೆ ರಾತ್ರಿ ಏನು ತಿಂದ್ರಿ?’ ಎಂದು ಕೇಳಿ. ಮಾಮೂಲಿ ಸ್ಕೋಪ್ (ಹತ್ತಿರ ಹತ್ತಿರ 10 ಮಿ.ಮೀ. ದಪ್ಪ) ದಾಟದಿದ್ದರೆ ಕುಗ್ಗಿದೆ ಎಂದರ್ಥ. ಬಲೂನ್ ಅಥವಾ ಸೇವರಿ ಡೈಲೇಟರಿನಲ್ಲಿ (ನಾಳ ಹಿಗ್ಗಿಸುವ ಮೊನಚು ಕೊಳವೆ) ಹಿಗ್ಗಿಸಿ. ತಡೆ ಸಿಕ್ಕ ಅಳತೆಯಿಂದ ಒಂದು ಸಿಟ್ಟಿಂಗ್‌ಗೆ 3 ಮಿ.ಮೀ. ದಾಟಬೇಡಿ, ವಾರಕ್ಕೊಮ್ಮೆ ಕರೆಸಿ. ಸ್ಟೀರಾಯಿಡ್ ಚುಚ್ಚಿದ ಗೋಡೆ ಮೊದಲೇ ತೆಳುವಾಗಿರುತ್ತದೆ, ಅಲ್ಲಿ ಬಲೂನಿನ ಅವಸರ ಬೇಡ.

ಮೊದಲ ದಿನಗಳ ಊಟ: ಮರುದಿನ ನೋವು, ಜ್ವರ ಇಲ್ಲದಿದ್ದರೆ ನೀರು. ಆಮೇಲೆ ತಿಳಿಗಂಜಿ, ತೆಳು ರಾಗಿ ಅಂಬಲಿ, ಮಜ್ಜಿಗೆ, ಎಲ್ಲವೂ ಬಿಸಿ ಆರಿಸಿ. ಜೋಳದ ರೊಟ್ಟಿ, ಚಪಾತಿ, ಒಗ್ಗರಣೆಯ ಒಣಮೆಣಸಿನಕಾಯಿ ಕೆಲ ವಾರ ದೂರ. ಆಸಿಡ್ ಕಡಿಮೆ ಮಾಡುವ ಮಾತ್ರೆ ಗಾಯ ಮಾಯುವವರೆಗೆ.

ಉತ್ತರ 6: ಸ್ಲೈಡ್‌ಸೂಜಿ

ಪೆಥಾಲಜಿ ಕಡೆಯಿಂದ ಒಂದು ದೂರು. ಇಷ್ಟೆಲ್ಲ ಕಷ್ಟಪಟ್ಟು ಒಂದೇ ತುಂಡಾಗಿ ತೆಗೆದು, ಕೊನೆಗೆ ಫಾರ್ಮಲಿನ್ ಡಬ್ಬಿಗೆ ಹಾಗೇ ಎಸೆದರೆ ಅದು ಸುರುಳಿ ಸುತ್ತಿಕೊಂಡು ಬರುತ್ತದೆ. ಸುರುಳಿಯಲ್ಲಿ 200 ಮೈಕ್ರಾನ್ ಅಳೆಯಲು ಯಾರಿಂದಲೂ ಆಗದು.

ತೆಗೆದ ಕೂಡಲೇ, ಒಣಗುವ ಮೊದಲು, ಲೋಳೆಯ ಮುಖ ಮೇಲಾಗಿ ಥರ್ಮೋಕೋಲ್ ಅಥವಾ ಕಾರ್ಕ್ ಹಲಗೆಯ ಮೇಲೆ ಹರಡಿ, ಅಂಚಿನುದ್ದಕ್ಕೂ ಸಣ್ಣ ಪಿನ್ ಚುಚ್ಚಿ. ದೇಹದಲ್ಲಿದ್ದಷ್ಟೇ ಅಗಲಕ್ಕೆ, ಜಗ್ಗಿ ಹಿಗ್ಗಿಸಿದರೆ ಅಂಚು ಹರಿಯುತ್ತದೆ. ಬಾಯಿಯ ಕಡೆ ಯಾವುದು, ಜಠರದ ಕಡೆ ಯಾವುದು ಎಂದು ಹಲಗೆಯ ಮೇಲೇ ಬರೆಯಿರಿ. ಮತ್ತೊಮ್ಮೆ ಲ್ಯೂಗಾಲ್ ಹಾಕಿ ಫೋಟೋ ತೆಗೆದು ಕಳಿಸಿದರೆ ಇನ್ನೂ ಒಳ್ಳೆಯದು. 10% ಫಾರ್ಮಲಿನ್‌ನಲ್ಲಿ ಹಲಗೆಯನ್ನು ತಲೆಕೆಳಗಾಗಿ ತೇಲಿಸಿ, 24ರಿಂದ 48 ಗಂಟೆ. ಅಂಚಿಗೆ ಗಡ್ಡೆ ಎಲ್ಲಿ ಹತ್ತಿರವೋ ಅದನ್ನು ನೋಡಿಕೊಂಡು ನಾವು 2–3 ಮಿ.ಮೀ. ಪಟ್ಟಿಗಳಾಗಿ ಕೊಯ್ಯುತ್ತೇವೆ, ಪೂರ್ತಿ ತುಂಡು ಸ್ಲೈಡಿಗೆ ಹೋಗುತ್ತದೆ.

ವರದಿಯಲ್ಲಿ ಇರಲೇಬೇಕಾದವು: ಯಾವ ಪದರದವರೆಗೆ, ಸಬ್‌ಮ್ಯೂಕೋಸಕ್ಕೆ ಇಳಿದಿದ್ದರೆ ಮಸ್ಕ್ಯುಲಾರಿಸ್ ಮ್ಯೂಕೋಸದ ಕೆಳಗಂಚಿನಿಂದ ಎಷ್ಟು ಮೈಕ್ರಾನ್, ಬದಿಯ ಅಂಚು, ತಳದ ಅಂಚು, ದುಗ್ಧನಾಳ ಮತ್ತು ರಕ್ತನಾಳದೊಳಗೆ ಕೋಶ ಹೊಕ್ಕಿದೆಯೇ. ಕೊನೆಯದನ್ನು ಬರೀ ಎಚ್–ಇ (ಸ್ಲೈಡಿಗೆ ಹಾಕುವ ಮಾಮೂಲಿ) ಬಣ್ಣದಲ್ಲಿ ಹೇಳಬಾರದು. ದುಗ್ಧನಾಳಕ್ಕೆ ಡಿ2-40, ರಕ್ತನಾಳಕ್ಕೆ ಇಲಾಸ್ಟಿಕ್ ಬಣ್ಣ ಕೇಳಿ.

ಕತ್ತರಿಕೈ ಅವರ ಮೂಲ ಪ್ರಶ್ನೆಗೆ ಉತ್ತರ ಈ ಕಾಗದದಲ್ಲಿದೆ. ಎಪಿಥೀಲಿಯಂ ಅಥವಾ ಲ್ಯಾಮಿನಾ ಪ್ರೊಪ್ರಿಯಾ, ಅಂಚು ಸ್ವಚ್ಛ, ನಾಳದೊಳಗೆ ಏನಿಲ್ಲ: ಗುಣವಾಯಿತು, ನಿಗಾ ಸಾಕು. ಮಸ್ಕ್ಯುಲಾರಿಸ್ ಮ್ಯೂಕೋಸ ಮುಟ್ಟಿದೆ ಆದರೆ ನಾಳ ಸ್ವಚ್ಛ: ಸಿಟಿ ಸಮೇತ ಹತ್ತಿರದ ನಿಗಾ. ನಾಳ ಹೊಕ್ಕಿದ್ದರೆ ಅಥವಾ ಸಬ್‌ಮ್ಯೂಕೋಸ ಮುಟ್ಟಿದ್ದರೆ ಮುಂದಿನ ಚಿಕಿತ್ಸೆ ಬೇಕು, ನಿಮ್ಮ ಆಪರೇಷನ್ ಅಥವಾ ಕೀಮೋ–ರೇಡಿಯೇಷನ್. ಜಪಾನಿನ ಜೆಸಿಒಜಿ 0508 ಅಧ್ಯಯನದಲ್ಲಿ ಅಂಚು ಸ್ವಚ್ಛವಾಗಿದ್ದು ಇಂಥ ಅಪಾಯವಿದ್ದವರಿಗೆ 41.4 ಗ್ರೇ, ತಳದ ಅಂಚಿನಲ್ಲಿ ಉಳಿದವರಿಗೆ 50.4 ಗ್ರೇ ರೇಡಿಯೇಷನ್ನು 5-ಎಫ್‌ಯು, ಸಿಸ್ಪ್ಲಾಟಿನ್ ಜೊತೆ ಕೊಟ್ಟರು. ಮೊದಲ ಗುಂಪಿನಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು 90.7%. ಅನ್ನನಾಳ ಉಳಿಸಿಕೊಂಡೇ.

ಉತ್ತರ 7: ಒಳಗೋಡೆ

ನಡುವೆ ಬಾಯಿ ಹಾಕುತ್ತಿದ್ದೇನೆ. ‘ಸಬ್‌ಮ್ಯೂಕೋಸಲ್ ಟ್ಯೂಮರ್’ ಅಂತ ವರದಿ ಇರುವ ಗಡ್ಡೆಗೂ ಇದೇ ಕ್ರಮವೇ? ಮೇಲೆ ಲೋಳೆಪದರ ನುಣ್ಣಗಿದೆ, ಕೆಳಗಿಂದ ಉಬ್ಬಿದೆ, 35 ಸೆಂ.ಮೀ.ನಲ್ಲಿ, ಎರಡು ಸೆಂಟಿಮೀಟರ್ ಗಾತ್ರ.

ಉತ್ತರ 8: ನೀಲಿಪದರ

ಅಲ್ಲ, ಅದು ಬೇರೆಯೇ ಜಾತಿ. ಅಂಥದ್ದಕ್ಕೆ ಮೇಲಿಂದ ಬಯಾಪ್ಸಿ ತೆಗೆಯಲು ಹೋಗಬೇಡಿ. ಗಡ್ಡೆ ಸಿಗುವುದಿಲ್ಲ, ಲೋಳೆಪದರ ಮಾತ್ರ ಅಂಟಿಕೊಳ್ಳುತ್ತದೆ. ಮೊದಲು ಎಂಡೋಸೋನೋ, ಇಲ್ಲಿ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನಾಲ್ಕನೇ ಪದರ ಅಂದರೆ ಮುಖ್ಯ ಸ್ನಾಯುವಿನಿಂದ ಎದ್ದ, ಕಪ್ಪಗೆ ಒಂದೇ ಸಮನಾಗಿ ಕಾಣುವ ಗಡ್ಡೆ ಅನ್ನನಾಳದಲ್ಲಿ ಹೆಚ್ಚಾಗಿ ಲಿಯೋಮಯೋಮ, ನಿರಪಾಯಕಾರಿ. ಜಠರದಲ್ಲಿ ಲೆಕ್ಕ ಉಲ್ಟಾ, ಅಲ್ಲಿ ಜಿಸ್ಟ್ (ಕ್ಯಾನ್ಸರ್ ಆಗಬಲ್ಲ ಗೋಡೆಯ ಗಡ್ಡೆ) ಜಾಸ್ತಿ. ಚಿಕ್ಕದು, ತೊಂದರೆ ಕೊಡುತ್ತಿಲ್ಲ ಎಂದರೆ ವರ್ಷಕ್ಕೊಮ್ಮೆ ನೋಡಿಕೊಂಡರೂ ಆದೀತು.

ತೆಗೆಯಲೇಬೇಕಾದರೆ ಸುರಂಗದ ದಾರಿ, ಸ್ಟೆರ್ ಎನ್ನುತ್ತಾರೆ. ಅಕಲೇಸಿಯಾಗೆ (ಅನ್ನನಾಳದ ಕೆಳಬಾಯಿ ಸಡಿಲವಾಗದ ಕಾಯಿಲೆ) ಹರುಹಿರೊ ಇನೊಯೆ 2008ರಲ್ಲಿ ಶುರುಮಾಡಿದ ಪೊಯೆಮ್‌ನ (ಸ್ಕೋಪಿನಿಂದ ಸುರಂಗ ಕೊರೆದು ಸ್ನಾಯು ಸೀಳುವ ಕ್ರಮ) ಸುರಂಗವನ್ನೇ ಶಾಂಘೈನ ಝಾಂಗ್‌ಶಾನ್ ಆಸ್ಪತ್ರೆಯವರೂ ಇನೊಯೆ ತಂಡದವರೂ ಗಡ್ಡೆಗೆ ಒಗ್ಗಿಸಿದರು. ಗಡ್ಡೆಯಿಂದ ಸುಮಾರು 5 ಸೆಂ.ಮೀ. ಮೇಲೆ 2 ಸೆಂ.ಮೀ. ಸೀಳು, ಅಲ್ಲಿಂದ ಸಬ್‌ಮ್ಯೂಕೋಸದಲ್ಲಿ ಸುರಂಗ, ಗಡ್ಡೆ ದಾಟಿ ಇನ್ನೊಂದೆರಡು ಸೆಂಟಿಮೀಟರ್. ಗಡ್ಡೆಯ ಕವಚ ಒಡೆಯದೆ ಸ್ನಾಯುವಿನಿಂದ ಬಿಡಿಸಿ, ಸ್ನೇರ್ ಅಥವಾ ಬುಟ್ಟಿಯಲ್ಲಿ ಹಿಡಿದು ಹೊರಗೆ. ಕೊನೆಗೆ ಸೀಳನ್ನು ಐದಾರು ಕ್ಲಿಪ್‌ನಲ್ಲಿ ಮುಚ್ಚುವುದು. ಸ್ನಾಯುವಿನಲ್ಲಿ ತೂತು ಇಲ್ಲಿ ಆಗಿಯೇ ಆಗುತ್ತದೆ ಅನ್ನಿ, ಕಾಪಾಡುವುದು ಮೇಲಿನ ಹರಿಯದ ಲೋಳೆಪದರ. ಹಾಗಾಗಿ ಸುರಂಗದಲ್ಲಿರುವಾಗ ಚಾಕುವಿನ ಬಾಯಿ ಯಾವಾಗಲೂ ಸ್ನಾಯುವಿನ ಕಡೆಗೆ, ಲೋಳೆಪದರದ ಕಡೆಗಲ್ಲ. ಅಡ್ಡಗಲ 3.5 ಸೆಂ.ಮೀ. ದಾಟಿದ ಗಡ್ಡೆ ಬಿಡಿಸಲು ಬಂದರೂ ಸುರಂಗದಿಂದಲೋ ಗಂಟಲಿನಿಂದಲೋ ಹೊರಗೆ ಬರುವುದಿಲ್ಲ; ಅವನ್ನು ಥೊರಾಕೊಸ್ಕೋಪಿಗೆ (ಎದೆಯಲ್ಲಿ ಸಣ್ಣ ರಂಧ್ರ ಮಾಡಿ ಮಾಡುವ ಆಪರೇಷನ್) ಬಿಡಿ. ಹೊರಗೆ ಬಂದ ಮೇಲೆ ಗಡ್ಡೆಯ ಜಾತಿ ಹೇಳುವ ಬಣ್ಣಪರೀಕ್ಷೆಗಳಾದ ಡೆಸ್ಮಿನ್, ಸಿಡಿ117, ಡಾಗ್1, ಎಸ್100 ನಾಲ್ಕೂ ಮಾಡಿಸಿ.

ಕತ್ತರಿಕೈ ಅವರಿಗೆ ಒಂದು ಬಾಕಿ ಇತ್ತು: ನಿಗಾ ಎಂದರೆ ಎಷ್ಟು? ಮೊದಲ ಸ್ಕೋಪ್ ಮೂರರಿಂದ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೆ ಒಂದಾದರೂ, ಪ್ರತಿ ಸಲ ಎನ್‌ಬಿಐ ಮತ್ತು ಲ್ಯೂಗಾಲ್, ಪ್ರತಿ ಸಲ ಗಂಟಲು. ಲ್ಯೂಗಾಲ್ ಹಾಕಿದಾಗ ಅನ್ನನಾಳ ಚಿರತೆಯ ಮೈಯಂತೆ ಬಣ್ಣ ಹಿಡಿಯದ ಚುಕ್ಕಿಗಳಿಂದ ತುಂಬಿದ್ದರೆ ಅಂಥವರನ್ನು ಆರು ತಿಂಗಳಿಗೊಮ್ಮೆ ಕರೆಸಿ, ಹೊಸ ಗಡ್ಡೆ ಬೇರೆ ಕಡೆ ಏಳುವುದು ಅವರಲ್ಲೇ ಹೆಚ್ಚು. ಕುಡಿತ ಬಿಟ್ಟರೆ ಆ ಸಂಭವ ಇಳಿಯುತ್ತದೆ. ಹೊಗೆಸೊಪ್ಪಿನ ಮಾತನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದು ಕೈಬಿಡಬೇಡಿ, ಮನೆಯವರನ್ನೂ ಕೂರಿಸಿಕೊಂಡು ಹೇಳಿ.